ಎ ಎಂದರೆ ಎ, ಬಿ ಎಂದರೆ ಬಿ: ರ‍್ಯಾಕ್ ಸರ್ವರ್‌ಗೆ ಕೇಬಲ್ ಜೋಡಿಸುವ ಕ್ರಮ

ನವಿ ಮುಂಬೈಯ ಮಹಾಪೆಯ ಒಂದು ಡೇಟಾ ಸೆಂಟರಿನಲ್ಲಿ ಕೆಲವು ವರ್ಷಗಳ ಹಿಂದೆ ನಡೆದದ್ದು. ಒಂದು ಹೋದರೆ ಇನ್ನೊಂದು ಇರಲಿ ಎಂದು ಅಲ್ಲಿ ಎ, ಬಿ ಎಂಬ ಎರಡು ವಿದ್ಯುತ್ ಮಾರ್ಗಗಳು. ಬಿ ಕಡೆಯ ಮಾರ್ಗಕ್ಕೆ ನಡುರಾತ್ರಿ ದುರಸ್ತಿ ಇತ್ತು. ಆ ಸಾಲಿನ ಪ್ರತಿಯೊಂದು ಸರ್ವರ್‌ಗೂ ಎರಡು ಪವರ್ ಸಪ್ಲೈ, ಎರಡು ಪವರ್ ಕಾರ್ಡ್. ಎಲ್ಲದರ ಹಸಿರು ದೀಪವೂ ಉರಿಯುತ್ತಿತ್ತು. ಬಿ ನಿಲ್ಲಿಸಿದರು. ಸಾಲಿನಲ್ಲಿ ಒಂದೇ ಒಂದು ಸರ್ವರ್‌ನ ಫ್ಯಾನಿನ ಸದ್ದು ಇಳಿಯುತ್ತಾ ಹೋಗಿ ನಿಂತಿತು. ಟಾರ್ಚ್ ಹಿಡಿದು ಹಿಂಭಾಗಕ್ಕೆ ಓಡಿ, ಕಾರ್ಡನ್ನು ಕೈಯಿಂದಲೇ ಸವರುತ್ತಾ ಹೋದೆ. ಒಂದರ ಮೇಲೆ ಎ ಎಂಬ ಚೀಟಿ, ಇನ್ನೊಂದರ ಮೇಲೆ ಬಿ ಎಂಬ ಚೀಟಿ. ಎರಡೂ ಹೋಗಿ ಸೇರಿದ್ದು ಮಾತ್ರ ಬಿ ಪಿಡಿಯುಗೆ, ಅಂದರೆ ಬಿ ಮಾರ್ಗದ ವಿದ್ಯುತ್ ಹಂಚುವ ಸಾಕೆಟ್ ಪಟ್ಟಿಗೆ. ಆ ಚೀಟಿಗಳನ್ನು ಅಂಟಿಸಿದ್ದು ನಾನೇ.

ಅಂದಿನಿಂದ ನನಗೆ ಕೇಬಲ್ ಸಿಕ್ಕಿಸುವುದು ಅರ್ಧ ಕೆಲಸ. ಒಂದೊಂದನ್ನೇ ಕಿತ್ತು, ಸರ್ವರ್ ಉಸಿರಾಡುತ್ತಿದೆಯೇ ಎಂದು ನೋಡುವುದು ಉಳಿದರ್ಧ. ಕೆಳಗಿನದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಐರೋಲಿ, ರಬಾಳೆ, ಘನಸೋಲಿ, ಮಹಾಪೆಯ ಎಂಐಡಿಸಿ ಕೈಗಾರಿಕಾ ಪಟ್ಟಿಗೆ ಉಡುಪಿಯಿಂದ, ವಿಜಯಪುರದಿಂದ, ಕಲಬುರಗಿಯಿಂದ ಹುಡುಗ ಹುಡುಗಿಯರು ಈಗ ಡೇಟಾ ಸೆಂಟರ್ ಕೆಲಸಕ್ಕೆ ಬರುತ್ತಿದ್ದಾರೆ. ಒಂದು ಕಾಲಕ್ಕೆ ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರ ಊರುಗಳಿಂದಲೇ ಇವರೂ ಬರುವುದು. ಕೈಪಿಡಿ ಇಂಗ್ಲಿಷಿನಲ್ಲಿ, ಮೇಲ್ವಿಚಾರಕರ ಮಾತು ಹಿಂದಿ ಮರಾಠಿಯಲ್ಲಿ. ಮೊದಲ ತಿಂಗಳು ಅರ್ಥವಾಗದಿದ್ದರೂ ತಲೆಯಾಡಿಸುವುದೇ ಹೆಚ್ಚು. ಅವರಿಗಾಗಿ, ನಮ್ಮ ಮಾತಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಕೇಬಲ್ ಮುಟ್ಟುವ ಮುನ್ನ

ಸರ್ವರ್ ಆಗಲೇ ರ‍್ಯಾಕಿನ, ಅಂದರೆ ಸಲಕರಣೆಗಳನ್ನು ಒಂದರ ಮೇಲೊಂದು ಕೂರಿಸುವ ಲೋಹದ ಚೌಕಟ್ಟಿನ, ಒಳಗಿನ ರೈಲುಗಳ ಮೇಲೆ ಕುಳಿತಿದೆ ಎಂದು ಇಟ್ಟುಕೊಳ್ಳೋಣ. ರ‍್ಯಾಕಿನ ಅಗಲ 19 ಇಂಚು, ಎತ್ತರದ ಅಳತೆ ಯು. ಒಂದು ಯು ಎಂದರೆ 44.45 ಮಿಲಿಮೀಟರ್. 42 ಯು ರ‍್ಯಾಕಿನಲ್ಲಿ ಸಲಕರಣೆ ಕೂರುವ ಜಾಗ 1.87 ಮೀಟರ್‌ನಷ್ಟು. ಕೇಬಲಿನ ಉದ್ದ ಆರಿಸುವಾಗ ಈ ಲೆಕ್ಕ ಬೇಕಾಗುತ್ತದೆ.

ಕೈಯಲ್ಲಿ ಎರಡು ಕಾಗದ ಇರಬೇಕು. ಒಂದು, ಯಾವ ಯು ಜಾಗದಲ್ಲಿ ಏನಿದೆ ಎಂಬ ರ‍್ಯಾಕಿನ ನಕ್ಷೆ. ಇನ್ನೊಂದು, ಸರ್ವರ್‌ನ ಯಾವ ಪೋರ್ಟ್ ಯಾವ ನೆಟ್‌ವರ್ಕ್ ಸ್ವಿಚ್ಚಿನ ಯಾವ ಪೋರ್ಟಿಗೆ, ಯಾವ ಪವರ್ ಸಪ್ಲೈ ಯಾವ ಪಿಡಿಯುವಿನ ಎಷ್ಟನೇ ಸಾಕೆಟ್ಟಿಗೆ ಹೋಗಬೇಕು ಎಂಬ ಪಟ್ಟಿ. ಪಟ್ಟಿ ಕೊಟ್ಟಿಲ್ಲವೆಂದರೆ ನೀವೇ ಬರೆದು, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಆಮೇಲೆ ಒಳಗೆ ಹೋಗಿ. ಸ್ವಿಚ್ಚಿನ ಮುಂದೆ ನಿಂತು ಖಾಲಿ ಪೋರ್ಟ್ ಹುಡುಕುವವರು ಮುಂದಿನ ತಿಂಗಳು ಬೇರೆಯವರಿಗಾಗಿ ಕಾದಿರಿಸಿದ ಪೋರ್ಟಿಗೇ ಕೈ ಹಾಕುತ್ತಾರೆ.

ರಟ್ಟಿನ ಪೆಟ್ಟಿಗೆಯನ್ನು ಸರ್ವರ್‌ಗಳಿರುವ ಹಾಲ್‌ನ ಹೊರಗೇ ಒಡೆಯಿರಿ. ರಟ್ಟಿನ ನಾರು, ಥರ್ಮೋಕೋಲಿನ ಪುಡಿ ಒಳಗೆ ಬರಬಾರದು. ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಹಾಲ್‌ನ ತಂಪಿನಲ್ಲಿದ್ದ ಬಿಡಿಭಾಗವನ್ನು ಜುಲೈ ತಿಂಗಳ ಮುಂಬೈ ಗಾಳಿಗೆ, ಸಾಮಾನು ಇಳಿಸುವ ಕಟ್ಟೆಗೆ ತಂದರೆ ತಣ್ಣೀರಿನ ಲೋಟದ ಹೊರಮೈಯಂತೆ ಅದೂ ಬೆವರುತ್ತದೆ. ಹಾಗಾದದ್ದಕ್ಕೆ ಕೂಡಲೇ ವಿದ್ಯುತ್ ಕೊಡಬೇಡಿ. ಸುತ್ತಲಿನ ತಾಪಕ್ಕೆ ಹೊಂದಿಕೊಂಡು ಪೂರ್ತಿ ಒಣಗಲಿ.

ಈಗ ರ‍್ಯಾಕಿನ ಹಿಂಭಾಗಕ್ಕೆ ಹೋಗಿ, ಬರಿಗೈಯಲ್ಲಿ, ಒಂದು ಸಲ ಸುಮ್ಮನೆ ನೋಡಿ. ಎಡಗಡೆ ಒಂದು, ಬಲಗಡೆ ಒಂದು ಉದ್ದನೆಯ ಪಿಡಿಯು ನಿಂತಿರುತ್ತದೆ. ಒಂದು ಎ, ಇನ್ನೊಂದು ಬಿ. ಇಲ್ಲಿ ನನ್ನ ಕಡ್ಡಾಯ ನಿಯಮ ಒಂದಿದೆ: ಪಿಡಿಯುವಿನ ಮೇಲಿರುವ ಅಕ್ಷರವನ್ನು ನಂಬಬೇಡಿ. ಅದರ ದಪ್ಪ ಕೇಬಲ್ ಮೇಲಕ್ಕೋ ಕೆಳಕ್ಕೋ ಹೋಗಿ ಯಾವ ಕಮಾಂಡೋ ಸಾಕೆಟ್ಟಿಗೆ (ದುಂಡನೆಯ ಕೈಗಾರಿಕಾ ಸಾಕೆಟ್) ಸೇರಿದೆ, ಆ ಸಾಕೆಟ್ ಯಾವ ವಿದ್ಯುತ್ ಫಲಕದಿಂದ ಬಂದಿದೆ ಎಂದು ಕಣ್ಣಿನಿಂದ ಹಿಂಬಾಲಿಸಿ. ಕಾಣದಿದ್ದರೆ ಅಲ್ಲಿನ ಎಲೆಕ್ಟ್ರಿಷಿಯನ್ನರನ್ನು ಕರೆದು ಕೇಳಿ. ಎ ಮತ್ತು ಬಿ ಬೇರೆ ಬೇರೆ ಯುಪಿಎಸ್‌ನಿಂದ ಬರಬೇಕು. ಒಂದೇ ಯುಪಿಎಸ್‌ನಿಂದ ಎರಡು ಕವಲು ತೆಗೆದು ಎ, ಬಿ ಎಂದು ಹೆಸರಿಟ್ಟರೆ ಅದು ಎರಡು ದಾರಿಯಲ್ಲ, ಒಂದೇ ದಾರಿಗೆ ಎರಡು ಬಾಗಿಲು.

ಇದು ಅತಿ ಎಚ್ಚರಿಕೆ ಎನ್ನಿಸಿದರೆ 2020ರ ಅಕ್ಟೋಬರ್ 12ನ್ನು ನೆನೆಯಿರಿ. ಅಂದು ಬೆಳಿಗ್ಗೆ ಮುಂಬೈ ಮಹಾನಗರದ ಬಹುಭಾಗಕ್ಕೆ ವಿದ್ಯುತ್ ಹೋಗಿ ಲೋಕಲ್ ರೈಲುಗಳು ಇದ್ದಲ್ಲೇ ನಿಂತವು. ಅಂಥ ಹೊತ್ತಿನಲ್ಲಿ ಸರ್ವರ್‌ಗಳನ್ನು ಉಳಿಸುವುದು ಯುಪಿಎಸ್, ಜನರೇಟರ್. ಆದರೆ ಯುಪಿಎಸ್ ಕೂಡ ಒಂದು ಯಂತ್ರ. ಹೊರೆ ಬಿದ್ದ ಗಳಿಗೆಯಲ್ಲಿ ಎರಡರಲ್ಲಿ ಒಂದು ಕೈಕೊಟ್ಟರೆ ಉಳಿಸಬೇಕಾದದ್ದು ನೀವು ಹಾಕಿದ ಎರಡನೆಯ ಕಾರ್ಡು.

ಎಷ್ಟು ಹೊರೆ ತಾಳುತ್ತದೆ

ಮುಂಬೈ, ಪುಣೆಯ ಡೇಟಾ ಸೆಂಟರುಗಳಲ್ಲಿ 32 ಆಂಪಿಯರ್‌ನ ಏಕಫೇಸ್ ಪಿಡಿಯು ಸಾಮಾನ್ಯ. 230 ವೋಲ್ಟಿನಲ್ಲಿ ಅದು 7360 ವ್ಯಾಟ್. ನಿರಂತರ ಹೊರೆಗೆ ಅದರ ನೂರಕ್ಕೆ 80ರಷ್ಟನ್ನು ಮಾತ್ರ, ಅಂದರೆ 25.6 ಆಂಪಿಯರ್ ಬಳಸುವುದು ರೂಢಿ. ಹೊಸಬರು ಎಡವುವುದು ಇದರ ನಂತರದ ಹೆಜ್ಜೆಯಲ್ಲಿ.

600 ವ್ಯಾಟ್ ಎಳೆಯುವ ಹತ್ತು ಸರ್ವರ್‌ಗಳಿವೆ ಎನ್ನಿ. ಒಂದೊಂದು 2.6 ಆಂಪಿಯರ್, ಒಟ್ಟು 26. ಎರಡು ಕಡೆ ಹಂಚಿಕೊಂಡಾಗ ಪ್ರತಿ ಪಿಡಿಯುವಿನ ಪರದೆ 13 ತೋರಿಸುತ್ತದೆ. 32ರಲ್ಲಿ 13 ತಾನೇ, ಇನ್ನೂ ನಾಲ್ಕು ಸರ್ವರ್ ಹಾಕಬಹುದು ಎಂದು ಮನಸ್ಸು ಹೇಳುತ್ತದೆ. ಆದರೆ ಎ ಹೋದ ಕ್ಷಣದಲ್ಲಿ 26 ಆಂಪಿಯರ್ ಪೂರ್ತಿಯಾಗಿ ಬಿ ಮೇಲೆ ಬೀಳುತ್ತದೆ, 25.6ರ ಗಡಿ ಆಗಲೇ ದಾಟಿತು. ಆದ್ದರಿಂದ ಎರಡೂ ಬದಿ ಚೆನ್ನಾಗಿರುವಾಗ ಯಾವ ಪಿಡಿಯುವೂ ತನ್ನ ಸಾಮರ್ಥ್ಯದ ನೂರಕ್ಕೆ 40ನ್ನು, ಅಂದರೆ 12.8 ಆಂಪಿಯರನ್ನು ಮೀರಬಾರದು. ಹತ್ತನೆಯ ಸರ್ವರ್ ಬೇರೆ ರ‍್ಯಾಕಿಗೆ ಹೋಗಲಿ. ಜೊತೆಗೆ, ಅನೇಕ ಪಿಡಿಯುಗಳ ಒಳಗೆ ಸಾಕೆಟ್ಟುಗಳನ್ನು 16 ಆಂಪಿಯರ್ ಬ್ರೇಕರಿನ ಗುಂಪುಗಳಾಗಿ ಒಡೆದಿರುತ್ತಾರೆ. ಪ್ರತಿ ಗುಂಪಿಗೂ ಇದೇ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಬೇಕು. ಮೇಲಿನ ಗುಂಪಿನಲ್ಲೇ ಎಲ್ಲವನ್ನೂ ತುರುಕಿದರೆ ಪಿಡಿಯು ಅರ್ಧ ಖಾಲಿಯಿದ್ದರೂ ಬ್ರೇಕರ್ ಬೀಳುತ್ತದೆ.

ಕಾರ್ಡಿನ ತುದಿಯನ್ನೂ ನೋಡಿಕೊಳ್ಳಿ. ಹೆಚ್ಚಿನ ಸರ್ವರ್‌ಗಳ ಕಾರ್ಡ್ ಸಿ13-ಸಿ14 ಬಗೆಯದು, 10 ಆಂಪಿಯರ್‌ಗೆ. 2000 ವ್ಯಾಟ್ ದಾಟಿದ ದೊಡ್ಡ ಪವರ್ ಸಪ್ಲೈಗಳಿಗೆ ಸಾಮಾನ್ಯವಾಗಿ ದಪ್ಪನೆಯ ಸಿ19-ಸಿ20, 16 ಆಂಪಿಯರ್‌ನದು, ಬೇಕು. ಪಿಡಿಯುವಿನಲ್ಲಿ ಸಿ19 ಸಾಕೆಟ್ಟುಗಳು ಕೆಲವೇ ಇರುತ್ತವೆ. ಅವು ಮುಗಿದಿವೆಯೇ ಎಂದು ಸರ್ವರ್ ತರಿಸುವ ಮೊದಲೇ ನೋಡಬೇಕಿತ್ತು, ಈಗಲಾದರೂ ನೋಡಿ.

ಚೀಟಿ ಮೊದಲು, ಕೇಬಲ್ ಆಮೇಲೆ

ಕೇಬಲ್ ಎಳೆದ ಮೇಲೆ ಚೀಟಿ ಅಂಟಿಸುವುದು ನಾನು ಮಾಡಿದ್ದ ತಪ್ಪು. ಕಾರ್ಡುಗಳು ಹಿಂದೆ ಒಂದರ ಮೇಲೊಂದು ಹಾದುಹೋಗಿದ್ದವು. ಈ ತುದಿಯ ಎ ಆ ತುದಿಯಲ್ಲಿ ಬಿ ಆಗಿದ್ದು ಹಾಗೆ. ಈಗ ಕೇಬಲ್ ಮೇಜಿನ ಮೇಲಿರುವಾಗಲೇ, ಎರಡೂ ತುದಿಗೆ, ಒಂದೇ ಬರಹದ ಚೀಟಿ ಅಂಟಿಸುತ್ತೇನೆ. ಬರಹದಲ್ಲಿ ಎರಡೂ ತುದಿಯ ವಿಳಾಸ ಇರುತ್ತದೆ: ರ‍್ಯಾಕ್ 12, ಯು 18, ಪಿಎಸ್ 1 (ಮೊದಲ ಪವರ್ ಸಪ್ಲೈ), ಅದರ ಕೆಳಗೆ ಪಿಡಿಯು ಎ, ಸಾಕೆಟ್ 7. ಯಾವ ತುದಿ ಹಿಡಿದರೂ ಇನ್ನೊಂದು ತುದಿ ಎಲ್ಲಿದೆಯೆಂದು ಓದಿದರೆ ಸಾಕು. ಕೈಬರಹ ಬೇಡ, ಹಿಂಭಾಗದ ಬಿಸಿಗೆ ಶಾಯಿ ಮಾಸಿ ಅಂಟು ಬಿಡುತ್ತದೆ. ಚೀಟಿ ಮುದ್ರಿಸುವ ಯಂತ್ರದಲ್ಲಿ, ಕೇಬಲಿಗೆ ಸುತ್ತಿಕೊಳ್ಳುವ ಬಗೆಯ ಪಟ್ಟಿ ಬಳಸಿ.

ಬಣ್ಣವೂ ಬೇಕು. ಎ ಕಡೆಗೆ ಕೆಂಪು ಕಾರ್ಡ್, ಬಿ ಕಡೆಗೆ ನೀಲಿ ಎಂದು ಅನೇಕ ಕಡೆ ಪದ್ಧತಿ. ಬಣ್ಣದ ಕಾರ್ಡ್ ಇಲ್ಲದಿದ್ದರೆ ಎರಡೂ ತುದಿಗೆ ಬಣ್ಣದ ಟೇಪನ್ನಾದರೂ ಸುತ್ತಿ. ಕತ್ತಲಲ್ಲಿ, ಗಡಿಬಿಡಿಯಲ್ಲಿ, ಅಕ್ಷರಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬಣ್ಣ.

ಉದ್ದದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಒಂದು ಮೀಟರ್ ಸಾಕಾಗುವಲ್ಲಿ ಮೂರು ಮೀಟರ್ ಹಾಕಿ ಸುರುಳಿ ಸುತ್ತಿಟ್ಟರೆ ಆ ಗಂಟು ಬಿಸಿಗಾಳಿ ಹೊರಬರುವ ದಾರಿಗೇ ಅಡ್ಡ ಕೂರುತ್ತದೆ. ತೀರಾ ಗಿಡ್ಡವಾದರೆ ಕನೆಕ್ಟರ್ ಮೇಲೆ ಸದಾ ಎಳೆತ. ಒಂದು ದಾರ ತೆಗೆದುಕೊಂಡು, ಕೇಬಲ್ ಹೋಗಬೇಕಾದ ದಾರಿಯಲ್ಲೇ, ಪಕ್ಕದ ಕಂಬದ ಗುಂಟ ಬಾಗಿಸಿ ಅಳೆಯಿರಿ. ಮೇಲೊಂದು ಗೇಣು ಸೇರಿಸಿ.

ಸರ್ವರ್ ಚಾಲೂ ಇರುವಾಗಲೇ ಹೊರಗೆಳೆದು ದುರಸ್ತಿ ಮಾಡಬೇಕಾದ ಕಡೆ ಕೇಬಲ್ ತೋಳು, ಅಂದರೆ ಸರ್ವರ್ ಜೊತೆ ಮಡಚಿ ಬಿಚ್ಚಿಕೊಳ್ಳುತ್ತಾ ಕೇಬಲ್ ಹೊರುವ ತೋಳು, ಹಾಕಿ, ಸರ್ವರ್ ಪೂರ್ತಿ ಹೊರಬಂದರೂ ಬಿಗಿಯಾಗದಷ್ಟು ಉದ್ದ ಕೊಡಬೇಕು. ಆದರೆ 1 ಯು ಸರ್ವರ್‌ಗೆ ಆ ತೋಳು ಹಿಂಭಾಗವನ್ನೆಲ್ಲ ಮುಚ್ಚಿ ಗಾಳಿ ಕಟ್ಟುತ್ತದೆ. ಅಲ್ಲಿ ತೋಳಿಲ್ಲದೆ, ಗಿಡ್ಡ ಕೇಬಲ್ಲುಗಳನ್ನು ನೇರವಾಗಿ ಪಕ್ಕಕ್ಕೆ ಹರಿಸುವುದೇ ನನಗೆ ಸರಿ ಕಾಣುತ್ತದೆ.

ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಪ್ಯಾಚ್ ಕಾರ್ಡ್, ಅಂದರೆ ಗಿಡ್ಡ ನೆಟ್‌ವರ್ಕ್ ಕೇಬಲ್, ತರುವವರಿಗೆ ಒಂದು ಮಾತು. ಅಲ್ಲಿ ಒಳ್ಳೆಯ ಮಾಲೂ ಸಿಗುತ್ತದೆ, ಬೆಲೆಯಷ್ಟನ್ನೇ ನೋಡಿದರೆ ಕೆಟ್ಟದ್ದೂ ಸಿಗುತ್ತದೆ. ಅಲ್ಯೂಮಿನಿಯಂ ತಂತಿಗೆ ತೆಳುವಾಗಿ ತಾಮ್ರ ಲೇಪಿಸಿದ ಕೇಬಲನ್ನು ಅನೇಕ ಕಡೆ ಅಗ್ಗಕ್ಕೆ ಮಾರುತ್ತಾರೆ. ಒಂದು ತುಂಡು ಕತ್ತರಿಸಿ ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಹೊಳೆದರೆ ಅದು ತಾಮ್ರವಲ್ಲ. ಸರ್ವರ್ ಹತ್ತಿರಕ್ಕೂ ಅದನ್ನು ತರಬೇಡಿ.

ನಿರ್ವಹಣಾ ಕೇಬಲ್

ಜೋಡಿಸುವ ಕ್ರಮದಲ್ಲಿ ಇದು ಮೊದಲನೆಯದು, ಪವರ್ ಕೊನೆಯದು. ಕಾರಣವಿದೆ. ಸರ್ವರ್‌ನೊಳಗೆ ಇನ್ನೊಂದು ಪುಟ್ಟ ಕಂಪ್ಯೂಟರ್ ಇದೆ. ಡೆಲ್ ಅದನ್ನು ಐಡ್ರ್ಯಾಕ್ ಎನ್ನುತ್ತದೆ, ಎಚ್‌ಪಿಇ ಐಎಲ್‌ಒ, ಲೆನೊವೊ ಎಕ್ಸ್‌ಕ್ಲಾರಿಟಿ ಕಂಟ್ರೋಲರ್. ಸರ್ವರ್‌ನ ಗುಂಡಿ ಒತ್ತದಿದ್ದರೂ, ಗೋಡೆಯಿಂದ ವಿದ್ಯುತ್ ಬಂದ ಕೂಡಲೇ ಅದು ಎಚ್ಚರಗೊಂಡು ನೆಟ್‌ವರ್ಕಿನಲ್ಲಿ ವಿಳಾಸ ಹುಡುಕುತ್ತದೆ. ಆಗಲೇ ಅದರ ಕೇಬಲ್ ಸಿದ್ಧವಿದ್ದರೆ, ಸರ್ವರ್ ಚಾಲೂ ಮಾಡುವ ಮೊದಲೇ ಪವರ್ ಸಪ್ಲೈ, ತಾಪ ಇಂಥವುಗಳ ಸ್ಥಿತಿಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಓದಬಹುದು.

ಹಿಂಭಾಗದಲ್ಲಿ ಒಂಟಿಯಾಗಿ ನಿಂತ, ಸ್ಪ್ಯಾನರ್ ಚಿತ್ರವೋ ಐಡ್ರ್ಯಾಕ್‌ನಂಥ ಹೆಸರೋ ಇರುವ ಆರ್‌ಜೆ45 ಪೋರ್ಟನ್ನು, ಅಂದರೆ ಸಾಮಾನ್ಯ ನೆಟ್‌ವರ್ಕ್ ಕೇಬಲಿನ ಚೌಕ ಪೋರ್ಟನ್ನು, ಗುರುತಿಸಿ. ಅದಕ್ಕೆ ಸಾಮಾನ್ಯ ಕ್ಯಾಟ್6 ಸಾಕು. ಆ ಕೇಬಲ್ ಹೋಗಬೇಕಾದದ್ದು ನಿರ್ವಹಣೆಗೆಂದೇ ಇಟ್ಟ ಬೇರೆ ಸ್ವಿಚ್ಚಿಗೆ. ಸರ್ವರ್‌ನ ಮುಖ್ಯ ಜಾಲ ಕೆಟ್ಟ ದಿನ ಒಳಗೆ ಹೋಗಲು ಉಳಿಯುವುದು ಇದೊಂದೇ ಕಿಂಡಿ. ಅದನ್ನೂ ಅದೇ ಜಾಲಕ್ಕೆ ಕಟ್ಟಿದರೆ ಕಿಂಡಿಯೂ ಮುಚ್ಚಿತು. ಇನ್ನು ಈ ಪೋರ್ಟನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುವುದು ಮಹಾಪರಾಧ. ಈ ಪುಟ್ಟ ಕಂಪ್ಯೂಟರನ್ನು ದೂರದಿಂದ ನಡೆಸುವ ಹಳೆಯ ಐಪಿಎಂಐ 2.0 ನಿಯಮದಲ್ಲಿ ಗುಪ್ತಪದದ ಹ್ಯಾಶ್, ಅಂದರೆ ಅದರ ಗುಪ್ತರೂಪ, ಕೇಳಿದವರಿಗೆಲ್ಲ ಸಿಗುವಂಥ ದೋಷವಿದೆ. ಈ ಪೋರ್ಟಿನ ಒಳಹೊಕ್ಕವನಿಗೆ ಸರ್ವರ್ ಆರಿಸುವ, ಹೊಸ ಆಪರೇಟಿಂಗ್ ಸಿಸ್ಟಂ ಹಾಕುವ ಅಧಿಕಾರವೂ ಬರುತ್ತದೆ.

ವಿಳಾಸ ತಾನಾಗಿ ಸಿಗದಿದ್ದರೆ ಡೆಲ್‌ನದು ಸಾಂಪ್ರದಾಯಿಕವಾಗಿ 192.168.0.120, ಲೆನೊವೊದ್ದು 192.168.70.125. ಹೊಸ ಸರ್ವರ್‌ಗಳಲ್ಲಿ ಮೊದಲ ಗುಪ್ತಪದವನ್ನು ಎಳೆದರೆ ಹೊರಬರುವ ಪುಟ್ಟ ಬಿಲ್ಲೆಯ ಮೇಲೋ ಮೇಲ್ಮೈಯ ಚೀಟಿಯಲ್ಲೋ ಮುದ್ರಿಸಿರುತ್ತಾರೆ. ರ‍್ಯಾಕಿಗೆ ತಳ್ಳುವ ಮುನ್ನವೇ ಬರೆದುಕೊಳ್ಳಿ; ಒಳಹೋದ ಮೇಲೆ ಮೇಲ್ಮೈ ಕಾಣುವುದಿಲ್ಲ. ಒಳಹೊಕ್ಕ ಕೂಡಲೇ ಬದಲಾಯಿಸಿ. ಇನ್ನೊಂದು: ನಿರ್ವಹಣಾ ಜಾಲ ಈ ಪ್ರತ್ಯೇಕ ಪೋರ್ಟನ್ನೇ ಬಳಸಲಿ ಎಂದು ಸೆಟ್ಟಿಂಗಿನಲ್ಲಿ ಖಚಿತಪಡಿಸಿ. ಕೆಲವು ಯಂತ್ರಗಳಲ್ಲಿ ಅದು ಮುಖ್ಯ ನೆಟ್‌ವರ್ಕ್ ಪೋರ್ಟನ್ನು ಹಂಚಿಕೊಳ್ಳುವಂತೆ ಇಟ್ಟಿರುತ್ತಾರೆ. ಆಗ ನೀವು ಹಾಕಿದ ಕೇಬಲ್ ಬರಿಯ ಅಲಂಕಾರ.

ನೆಟ್‌ವರ್ಕ್

ಇಲ್ಲಿಯೂ ಎರಡು ದಾರಿ. ರ‍್ಯಾಕಿನಲ್ಲಿ ಎರಡು ಸ್ವಿಚ್ ಇರುತ್ತವೆ. ಸರ್ವರ್‌ನಿಂದ ಒಂದು ಕೇಬಲ್ ಒಂದಕ್ಕೆ, ಇನ್ನೊಂದು ಇನ್ನೊಂದಕ್ಕೆ. ಆದರೆ ಸರ್ವರ್ ಕಡೆಯನ್ನೂ ನೋಡಿ. ಒಂದೇ ನೆಟ್‌ವರ್ಕ್ ಕಾರ್ಡಿನ ಎರಡು ಪೋರ್ಟುಗಳಿಂದ ಹೊರಟರೆ ಆ ಕಾರ್ಡ್ ಕೆಟ್ಟ ದಿನ ಎರಡೂ ಹೋದವು. ಎರಡು ಕಾರ್ಡ್ ಇದ್ದರೆ ಒಂದೊಂದರಿಂದ ಒಂದೊಂದು ಪೋರ್ಟ್ ತೆಗೆದುಕೊಳ್ಳಿ. ಸ್ವಿಚ್ಚಿನ ಕಡೆಯವರು ಎರಡೂ ಕೇಬಲನ್ನು ಒಂದೇ ದಾರಿಯಂತೆ ಕೂಡಿಸುವ ಎಲ್‌ಎಸಿಪಿ ಹಾಕುತ್ತಾರೆಯೇ, ಅಥವಾ ಒಂದು ಕೆಲಸ ಮಾಡುವಾಗ ಇನ್ನೊಂದು ಕಾಯುವ ಕ್ರಮವೇ ಎಂದು ಮೊದಲೇ ಕೇಳಿ. ಒಂದು ಕಡೆ ಹಾಕಿ ಇನ್ನೊಂದು ಕಡೆ ಹಾಕದಿದ್ದರೆ ದೀಪ ಉರಿಯುತ್ತದೆ, ಮಾತು ನಡೆಯುವುದಿಲ್ಲ.

ತಾಮ್ರದ ಕೇಬಲಾದರೆ 1 ಗಿಗಾಬಿಟ್‌ಗೆ ಕ್ಯಾಟ್6 ಧಾರಾಳ. 10 ಗಿಗಾಬಿಟ್ ಪೂರ್ತಿ 100 ಮೀಟರ್ ಹೋಗಬೇಕಾದರೆ ಕ್ಯಾಟ್6ಎ ಬೇಕು. ಒಂದೇ ರ‍್ಯಾಕಿನೊಳಗೆ 10 ಅಥವಾ 25 ಗಿಗಾಬಿಟ್‌ಗೆ ನನ್ನ ಆಯ್ಕೆ ಡಿಎಸಿ, ಅಂದರೆ ಎರಡೂ ತುದಿಗೆ ಪೋರ್ಟಿಗೆ ಸಿಕ್ಕಿಸುವ ಮಾಡ್ಯೂಲ್ ಬೆಸೆದೇ ಬರುವ ತಾಮ್ರದ ಕೇಬಲ್. ಮೂರು ಮೀಟರ್ ಒಳಗೆ ಅದಕ್ಕಿಂತ ಅಗ್ಗದ, ತಂಪಾದ, ನಿರಾತಂಕದ ದಾರಿ ಇಲ್ಲ. ದಪ್ಪವಿರುತ್ತದೆ, ಬಲವಂತವಾಗಿ ಬಾಗಿಸಬಾರದು. 25 ಗಿಗಾಬಿಟ್‌ನಲ್ಲಿ ಲಿಂಕ್ ಬರದಿದ್ದರೆ ಕೇಬಲನ್ನು ದೂರುವ ಮೊದಲು ಎರಡೂ ತುದಿಯ ಎಫ್‌ಇಸಿ (ದೋಷ ತಿದ್ದುವ ವಿಧಾನ) ಸೆಟ್ಟಿಂಗ್ ಒಂದೇ ಇದೆಯೇ ನೋಡಿ.

ರ‍್ಯಾಕಿನಿಂದ ಆಚೆ ಹೋಗಬೇಕಾದರೆ ಫೈಬರ್, ಅಂದರೆ ಬೆಳಕು ಹರಿಯುವ ಗಾಜಿನ ಎಳೆ. ಹಳದಿ ಹೊದಿಕೆ ಸಾಮಾನ್ಯವಾಗಿ ದೂರಕ್ಕೆ ಹೋಗುವ ಸಿಂಗಲ್ ಮೋಡ್, ತಿಳಿ ಹಸಿರುನೀಲಿ ಹತ್ತಿರಕ್ಕೆ ಸಾಕಾಗುವ ಮಲ್ಟಿಮೋಡ್. ಒಂದಕ್ಕೆ ಮಾಡಿದ ಮಾಡ್ಯೂಲನ್ನು ಇನ್ನೊಂದರ ಫೈಬರ್‌ಗೆ ಹಾಕಬಾರದು. 10 ಗಿಗಾಬಿಟ್‌ನ ಎಸ್‌ಆರ್ ಮಾಡ್ಯೂಲ್ ಓಎಂ3 ಫೈಬರ್‌ನಲ್ಲಿ 300 ಮೀಟರ್, ಓಎಂ4ರಲ್ಲಿ 400 ಮೀಟರ್ ಹೋಗುತ್ತದೆ; ಎಲ್‌ಆರ್ ಮಾಡ್ಯೂಲ್ ಸಿಂಗಲ್ ಮೋಡ್‌ನಲ್ಲಿ 10 ಕಿಲೋಮೀಟರ್.

ಫೈಬರ್‌ನ ತುದಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಿಳಿ ಸೆರಾಮಿಕ್ ಕಡ್ಡಿಯ ನಡುವೆ ಬೆಳಕು ಹರಿಯುವ ತಿರುಳು ಮಲ್ಟಿಮೋಡ್‌ನಲ್ಲಿ 50 ಮೈಕ್ರಾನ್, ಸಿಂಗಲ್ ಮೋಡ್‌ನಲ್ಲಿ 9 ಮೈಕ್ರಾನ್‌ನಷ್ಟು. ತಲೆಕೂದಲು ಇದಕ್ಕಿಂತ ದಪ್ಪ. ಬೆರಳ ತುದಿಯ ಜಿಡ್ಡು ಒಂದು ಸಲ ತಾಗಿದರೆ, ಸೂಕ್ಷ್ಮದರ್ಶಕದ ಪರದೆಯ ಮೇಲೆ ಆ ತಿರುಳು ಮೋಡ ಮುಸುಕಿದ ಚಂದ್ರನಂತೆ ಕಾಣುತ್ತದೆ. ಲಿಂಕ್ ಬರುತ್ತದೆ, ದೀಪವೂ ಉರಿಯುತ್ತದೆ, ಆದರೆ ದಿನಕ್ಕೆ ನಾಲ್ಕು ಸಲ ಕಾರಣವಿಲ್ಲದೆ ದೋಷಗಳ ಎಣಿಕೆ ಏರುತ್ತದೆ. ಆದ್ದರಿಂದ ಹೊಸ ಪೊಟ್ಟಣದಿಂದ ತೆಗೆದದ್ದೇ ಆಗಿರಲಿ, ಟೊಪ್ಪಿ ತೆಗೆದ ಕೂಡಲೇ ಪೆನ್ನಿನಂಥ ಕ್ಲೀನರನ್ನು ತುದಿಗೆ ಒತ್ತಿ, ಟಿಕ್ ಎಂದ ಮೇಲೆ ನೇರವಾಗಿ ಮಾಡ್ಯೂಲಿಗೆ ಸೇರಿಸಿ. ಮಾಡ್ಯೂಲಿನ ಬಾಯನ್ನೂ ಹೀಗೇ ಒರೆಸಿ. ಟೊಪ್ಪಿಗಳನ್ನು ಎಸೆಯಬೇಡಿ, ಒಂದು ಚೀಲದಲ್ಲಿರಲಿ. ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯೇ ಎಂದು ಎಂದಿಗೂ ನೋಡಬೇಡಿ; ಆ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಸುಡುವುದು ಮಾತ್ರ ಅಕ್ಷಿಪಟಲವನ್ನು.

ಲಿಂಕ್ ಬಾರದಿದ್ದರೆ ಮೊದಲ ಅನುಮಾನ ಎರಡು ಎಳೆ ಅದಲುಬದಲಾಗಿರುವುದರ ಮೇಲೆ. ಈ ಕಡೆ ಕಳುಹಿಸುವುದು ಆ ಕಡೆ ಕೇಳಿಸಿಕೊಳ್ಳುವುದಕ್ಕೆ ಸೇರಬೇಕು. ಒಂದು ತುದಿಯಲ್ಲಿ ಮಾತ್ರ ಎರಡನ್ನು ತಿರುಗಿಸಿ ಹಾಕಿ ನೋಡಿ.

ಬಾಗುವಿಕೆಗೆ ಸುಲಭ ಲೆಕ್ಕ: ತಾಮ್ರದ ಕೇಬಲ್ ತನ್ನ ದಪ್ಪದ ನಾಲ್ಕರಷ್ಟು, ಫೈಬರ್ ಹತ್ತರಷ್ಟು ತ್ರಿಜ್ಯಕ್ಕಿಂತ ಚಿಕ್ಕದಾಗಿ ಬಾಗಬಾರದು. ನೆಟ್‌ವರ್ಕ್ ಕೇಬಲ್ಲುಗಳು ಒಂದು ಬದಿಯಲ್ಲಿ ಗುಂಪಾಗಿ ಹೋಗಲಿ, ಪವರ್ ಕಾರ್ಡುಗಳ ಜೊತೆ ಹೆಣೆದುಕೊಳ್ಳಬಾರದು. ಪ್ಲಾಸ್ಟಿಕ್ ಪಟ್ಟಿ ಬಿಗಿಯುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಅದು ಕೇಬಲನ್ನು ಕಚ್ಚುತ್ತದೆ, ಕತ್ತರಿಸಲು ಹೋದಾಗ ಪಕ್ಕದ ಕೇಬಲಿಗೂ ಗಾಯ. ವೆಲ್ಕ್ರೋ ಪಟ್ಟಿ, ಒಂದು ಬೆರಳು ತೂರುವಷ್ಟು ಸಡಿಲವಾಗಿ. ಅದೂ ಈಗಲ್ಲ, ಪರೀಕ್ಷೆಯ ನಂತರ.

ವಿದ್ಯುತ್ತು

ಎರಡೂ ಪವರ್ ಸಪ್ಲೈಗಳ ವ್ಯಾಟ್ ಒಂದೇ ಇದೆಯೇ ಎಂದು ಅವುಗಳ ಮೇಲಿನ ಬರಹ ಓದಿ. ಬೇರೆ ಬೇರೆ ಇದ್ದರೆ ಸರ್ವರ್ ಒಂದನ್ನು ಒಪ್ಪುವುದಿಲ್ಲ. ಭೂಸಂಪರ್ಕ ಸರಿಯಿರಬೇಕು: ರ‍್ಯಾಕಿನ ಮೈಗೆ ಹಸಿರು ಹಳದಿ ತಂತಿ ಬಿಗಿಯಾಗಿ ಕೂತಿದೆಯೇ ಕೈಯಿಂದ ಅಲುಗಿಸಿ ನೋಡಿ. ಪವರ್ ಸಪ್ಲೈಯೊಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಸದಾ ಭೂಮಿಗೆ ಹರಿಸುತ್ತಿರುತ್ತದೆ. ಅರ್ತಿಂಗ್ ಕೆಟ್ಟ ರ‍್ಯಾಕಿನಲ್ಲಿ ಅದು ಮುಟ್ಟಿದವರ ಮೈಗೆ ಬರುತ್ತದೆ.

ಕಾರ್ಡಿನ ಸರ್ವರ್ ತುದಿಯನ್ನು ಮೊದಲು, ತಳ ಮುಟ್ಟುವವರೆಗೆ ಒತ್ತಿ ಸೇರಿಸಿ. ಪಕ್ಕದ ತಂತಿ ಕೊಕ್ಕೆಗೋ ಪಟ್ಟಿಗೋ ಅದನ್ನು ಬಿಗಿಯಿರಿ. ಪಕ್ಕದ ಸರ್ವರ್ ಎಳೆಯುವವರ ಮೊಣಕೈಗೆ ಸಡಿಲ ಕಾರ್ಡ್ ತಾಗಿ ಕಳಚುವುದು ಬಹಳ ಸಾಮಾನ್ಯ. ಆಮೇಲೆ ಪಿಡಿಯು ತುದಿ. ಪಟ್ಟಿಯಲ್ಲಿ ಪಿಎಸ್ 1 ಎಂದರೆ ಎ, ಪಿಎಸ್ 2 ಎಂದರೆ ಬಿ. ಇಡೀ ಹಾಲ್‌ನಲ್ಲಿ ಇದು ಒಂದೇ ರೀತಿ ಇರಲಿ. ಕೆಲವು ಸರ್ವರ್‌ಗಳಲ್ಲಿ ಎರಡು ಸಪ್ಲೈಯೂ ಒಂದೇ ಮೂಲೆಯಲ್ಲಿ ಒಂದರ ಪಕ್ಕ ಒಂದು ಇರುತ್ತವೆ, ಅಲ್ಲೇ ಕೈ ತಪ್ಪುವುದು. ಕಾರ್ಡನ್ನು ಸರ್ವರ್‌ನಿಂದ ಪಿಡಿಯುವರೆಗೆ ಹೆಬ್ಬೆರಳು ತೋರುಬೆರಳ ನಡುವೆ ಬಿಡದೆ ಹಿಡಿದುಕೊಂಡೇ ಹೋಗಿ.

ಎ ಮಾತ್ರ ಸೇರಿಸಿ ನಿಲ್ಲಿ. ಪವರ್ ಸಪ್ಲೈಯ ದೀಪ ಹಸಿರಾಗುತ್ತದೆ. ನಿರ್ವಹಣಾ ಪೋರ್ಟಿನ ದೀಪ ಮಿನುಗುತ್ತದೆ. ಆ ಪುಟ್ಟ ಕಂಪ್ಯೂಟರ್ ಪೂರ್ತಿ ಏಳಲು ಒಂದೆರಡು ನಿಮಿಷ ಬಿಡಿ. ಈಗ ಬಿ. ಎರಡೂ ಹಸಿರು. ಅಂಬರ್ ಬಣ್ಣ ಮಿನುಗಿದರೆ ಮುಂದೆ ಹೋಗಬೇಡಿ, ನಿರ್ವಹಣಾ ಪುಟದ ದಾಖಲೆಯಲ್ಲಿ ಕಾರಣ ಬರೆದಿರುತ್ತದೆ. ಎಲ್ಲ ಸರಿಯಿದ್ದರೆ ಗುಂಡಿ ಒತ್ತಿ. ಫ್ಯಾನುಗಳು ಒಮ್ಮೆ ಜೋರಾಗಿ ಅಬ್ಬರಿಸಿ ಕೆಲ ಹೊತ್ತಿನಲ್ಲಿ ಇಳಿಯುತ್ತವೆ. ಅಬ್ಬರ ಇಳಿಯದೇ ಹೋದರೆ ಗಾಳಿಗೆ ಏನೋ ಅಡ್ಡ ಬಂದಿದೆ ಅಥವಾ ಮುಚ್ಚಳ ಸರಿಯಾಗಿ ಕೂತಿಲ್ಲ. ಒಂದೇ ಸಲ ಹತ್ತು ಸರ್ವರ್ ಚಾಲೂ ಮಾಡಬೇಡಿ, ಒಂದಾದ ಮೇಲೊಂದು.

ಪಿಡಿಯುವಿನ ಪರದೆಯಲ್ಲಿ ಎರಡೂ ಕಡೆಯ ಆಂಪಿಯರ್ ಬರೆದುಕೊಳ್ಳಿ. ಒಂದು ಕಡೆ ತೀರಾ ಕಡಿಮೆ ಕಂಡರೆ ಗಾಬರಿ ಬೇಡ. ವಿದ್ಯುತ್ ಉಳಿಸಲು ಒಂದು ಸಪ್ಲೈಯನ್ನು ಮಲಗಿಸುವ ಏರ್ಪಾಡು ಕೆಲವು ಸರ್ವರ್‌ಗಳಲ್ಲಿದೆ.

ದಾದರ್‌ನ ಸಣ್ಣ ಕಚೇರಿಯಲ್ಲೋ ಪಣಜಿಯ ಹೋಟೆಲಿನಲ್ಲೋ ಒಂದೇ ಯುಪಿಎಸ್ ಇದ್ದರೆ? ಎರಡೂ ಕಾರ್ಡನ್ನು ಅದಕ್ಕೇ ಹಾಕುವುದಕ್ಕಿಂತ ಒಂದನ್ನು ಯುಪಿಎಸ್‌ಗೆ, ಇನ್ನೊಂದನ್ನು ಒಳ್ಳೆಯ ಸರ್ಜ್ ರಕ್ಷಕದ ಮೂಲಕ ನೇರ ಮುಖ್ಯ ವಿದ್ಯುತ್ತಿಗೆ ಹಾಕುವುದು ಮೇಲು ಎಂದು ನನ್ನ ಅಭಿಪ್ರಾಯ. ಯುಪಿಎಸ್ ಕೆಟ್ಟ ದಿನ ಸರ್ವರ್ ಬದುಕುತ್ತದೆ.

ಕಿತ್ತು ನೋಡುವುದು

ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಹೊಸದಾಗಿ ಬಂದಿದ್ದ ಹುಡುಗ ನನ್ನ ಜೊತೆಗಿದ್ದ. ಎಲ್ಲ ದೀಪ ಹಸಿರಾದ ಮೇಲೆ ಕೈ ಒರೆಸಿಕೊಂಡು, "ಅಣ್ಣಾ, ಮುಗಿಯಿತಲ್ಲ? ಶಿಳ್‌ಫಾಟಾ ಬಸ್ಸು ಸಿಗುತ್ತದೆ" ಎಂದ. "ಎ ಕೀಳು" ಎಂದೆ. ಅವನ ಕೈ ಕಾರ್ಡಿನ ಮೇಲೆ ಹೋಗಿ ನಿಂತಿತು. "ಸರ್ವರ್ ಚಾಲೂ ಇದೆ ಅಣ್ಣಾ." "ಅದಕ್ಕೇ ಈಗ ಕೀಳಬೇಕು. ಇದರ ಮೇಲೆ ಇನ್ನೂ ಯಾರ ಕೆಲಸವೂ ಇಲ್ಲ." ಕಣ್ಣು ಮುಚ್ಚಿಕೊಂಡೇ ಎಳೆದ. ಫ್ಯಾನಿನ ಸದ್ದು ಬದಲಾಗಲಿಲ್ಲ. ಕಣ್ಣು ತೆರೆದು ನಕ್ಕ.

ಇದನ್ನು ಸರ್ವರ್ ಬಳಕೆದಾರರಿಗೆ ಒಪ್ಪಿಸುವ ಮುನ್ನ, ಪರವಾನಗಿ ಪತ್ರದಲ್ಲಿ ಬರೆಸಿಕೊಂಡೇ ಮಾಡಬೇಕು. ಎ ಪಿಡಿಯು ಬದಿಯಿಂದ ಕಿತ್ತು ಒಂದು ನಿಮಿಷ ಕಾಯಿರಿ. ನಿರ್ವಹಣಾ ಪುಟದಲ್ಲಿ ಪಿಎಸ್ 1ಕ್ಕೆ ವಿದ್ಯುತ್ ಇಲ್ಲ ಎಂಬ ಎಚ್ಚರಿಕೆ ಬಂತೇ ನೋಡಿ. ಪಿಎಸ್ 2 ಎಂದು ಬಂದರೆ ಚೀಟಿ ಅದಲುಬದಲಾಗಿದೆ. ಮತ್ತೆ ಸೇರಿಸಿ, ಎರಡೂ ಹಸಿರಾದ ಮೇಲಷ್ಟೇ ಬಿ ಕೀಳಿ. ಆದರೆ ಕಾರ್ಡ್ ಕಿತ್ತ ಮಾತ್ರಕ್ಕೆ ಎರಡೂ ಒಂದೇ ಪಿಡಿಯುವಿನಲ್ಲಿಲ್ಲ ಎಂದು ಸಾಬೀತಾಗುವುದಿಲ್ಲ. ನನ್ನ ಆ ಸರ್ವರ್ ಈ ಪರೀಕ್ಷೆಯಲ್ಲೂ ಪಾಸಾಗುತ್ತಿತ್ತು. ಆದ್ದರಿಂದ ಪ್ರತಿ ಸಲ ಕಿತ್ತಾಗ ಎರಡೂ ಪಿಡಿಯುವಿನ ಪರದೆ ನೋಡಬೇಕು. ಎ ಕಿತ್ತಾಗ ಎ ಪರದೆಯ ಅಂಕಿ ಇಳಿದು ಬಿ ಪರದೆಯ ಅಂಕಿ ಅಷ್ಟೇ ಏರಬೇಕು. ಹೊಸ ರ‍್ಯಾಕ್ ಆಗಿದ್ದು ಇನ್ನೇನೂ ಅದರಲ್ಲಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ನರಿಂದ ಇಡೀ ಎ ಮಾರ್ಗವನ್ನೇ ಆರಿಸಿ ನೋಡಿಸಿ, ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ.

ನೆಟ್‌ವರ್ಕಿಗೂ ಹೀಗೆಯೇ. ನಿಮ್ಮ ಲ್ಯಾಪ್‌ಟಾಪಿನಿಂದ ಸರ್ವರ್‌ಗೆ ಪಿಂಗ್, ಅಂದರೆ ಇದ್ದೀಯಾ ಎಂದು ಕೇಳುವ ಪುಟ್ಟ ಸಂದೇಶ, ನಿಲ್ಲದೆ ಓಡುತ್ತಿರಲಿ. ಒಂದು ಕೇಬಲ್ ಕಿತ್ತಾಗ ಒಂದೆರಡು ಉತ್ತರ ತಪ್ಪಬಹುದು, ಆಮೇಲೆ ಮುಂದುವರಿಯಬೇಕು. ಸೇರಿಸಿ, ಇನ್ನೊಂದು ಕೀಳಿ. ಸ್ವಿಚ್ಚಿನ ಕಡೆ ಎಲ್‌ಎಲ್‌ಡಿಪಿ (ಪಕ್ಕದ ಯಂತ್ರಕ್ಕೆ ತನ್ನ ಗುರುತು ಹೇಳುವ ಏರ್ಪಾಡು) ಇದ್ದರೆ ಯಾವ ಪೋರ್ಟು ಯಾವ ಸ್ವಿಚ್ಚಿಗೆ ಸೇರಿದೆ ಎಂದು ಸರ್ವರ್ ತಾನೇ ಹೇಳುತ್ತದೆ. ಅದನ್ನು ನಿಮ್ಮ ಪಟ್ಟಿಯ ಜೊತೆ ಸಾಲು ಸಾಲಾಗಿ ಹೋಲಿಸಿ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಆಜ್ಞೆ ಬಳಸಿ ಬೇಕಾದ ಪೋರ್ಟಿನ ದೀಪವನ್ನು ಮಿನುಗಿಸಿಯೂ ಗುರುತು ಹಿಡಿಯಬಹುದು. ನಿರ್ವಹಣಾ ಕೇಬಲಿಗೆ ಪರೀಕ್ಷೆ ಬೇರೆ: ಹಾಲ್‌ನಿಂದ ಹೊರಗೆ ಬಂದು, ನಿಮ್ಮ ಮೇಜಿನಿಂದಲೇ ಸರ್ವರನ್ನು ಆರಿಸಿ, ಮತ್ತೆ ಹೊತ್ತಿಸಿ, ಅದರ ಪರದೆ ನಿಮ್ಮಲ್ಲಿ ಕಾಣುತ್ತದೆಯೇ ನೋಡಿ.

ಎಲ್ಲ ಸರಿಬಂದ ಮೇಲೆ ಒಳಗೆ ಹೋಗಿ ವೆಲ್ಕ್ರೋ ಕಟ್ಟಿ. ಖಾಲಿ ಯು ಜಾಗಗಳಿಗೆ ಮುಂದುಗಡೆ ಮುಚ್ಚುಫಲಕ ಹಾಕಿ, ಇಲ್ಲದಿದ್ದರೆ ಹಿಂದಿನ ಬಿಸಿಗಾಳಿ ಮತ್ತೆ ಮುಂದಕ್ಕೇ ಬರುತ್ತದೆ. ಹಿಂಭಾಗದ ಫೋಟೋ ತೆಗೆಯಲು ಅನುಮತಿಯಿದ್ದರೆ ಚೀಟಿ ಓದಬರುವಷ್ಟು ಹತ್ತಿರದಿಂದ ತೆಗೆಯಿರಿ. ಎರಡೂ ಪಿಡಿಯುವಿನ ಅಂಕಿ, ಬದಲಾದ ಪೋರ್ಟ್ ಏನಾದರೂ ಇದ್ದರೆ ಅದು, ಕಿತ್ತು ನೋಡಿದ ವೇಳೆ, ಇಷ್ಟನ್ನು ಅಂದೇ ದಾಖಲೆಗೆ ಸೇರಿಸಿ. ತಂದ ಉಪಕರಣಗಳನ್ನು, ಉಳಿದ ಸ್ಕ್ರೂಗಳನ್ನು ಎಣಿಸಿ ಚೀಲಕ್ಕೆ ಹಾಕಿ. ಬಾಗಿಲು ಮುಚ್ಚುವಾಗ ಯಾವ ಕೇಬಲೂ ಸಿಕ್ಕಿಕೊಳ್ಳದಂತೆ ಕೈಯಿಂದ ಒಮ್ಮೆ ಸವರಿ, ಬೀಗ ಹಾಕಿ, ಬೀಗದ ಕೈಯನ್ನು ಭದ್ರತಾ ಮೇಜಿಗೆ ಒಪ್ಪಿಸಿ ಸಹಿ ಮಾಡಿ.